ಒಂದು ಕಡ್ಡಿ ಮಲ್ಲಿಗೆ: ಮನೆಯಲ್ಲಿಯೇ ಗಿಡ ಮಾಡಿಕೊಳ್ಳುವ ಬಗೆ

ಮೃಗಶಿರಾ ಕಾರ್ತಿ ಕಾಲಿಡುತ್ತಿದ್ದಂತೆ ನಮ್ಮ ಭಾಗ್ಯನಗರದಲ್ಲಿ ಎರಡು ಕಡೆ ಜನ ಸೇರುತ್ತಾರೆ. ಒಂದು, ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ. ಉಬ್ಬಸ ರೋಗಿಗಳಿಗೆ ಬತ್ತಿನಿ ಕುಟುಂಬದವರು ನೀಡುವ ಮೀನು ಪ್ರಸಾದಕ್ಕಾಗಿ. ಇನ್ನೊಂದು, ಊರಂಚಿನ ರಸ್ತೆಗಳ ಇಕ್ಕೆಲಗಳಲ್ಲಿರುವ ನರ್ಸರಿಗಳಲ್ಲಿ. ಬೇಸಿಗೆಯಲ್ಲಿ ಸತ್ತ ಗಿಡಗಳ ಜಾಗಕ್ಕೆ ಹೊಸ ಗಿಡಗಳನ್ನು ಕೊಳ್ಳುವುದಕ್ಕಾಗಿ. ಮೊದಲನೆಯದರ ವಿಷಯ ನಮಗೆ ತಿಳಿಯದು. ಎರಡನೆಯದರಲ್ಲಿ ನಾವೂ ಹಲವು ವರ್ಷ ನಿಂತವರು. ಕಾರಿನ ಹಿಂಬದಿಯಲ್ಲಿ ಎಂಟು ಹತ್ತು ಕುಂಡಗಳನ್ನು ಹೇರಿಕೊಂಡು ಬಂದು, ಮುಂದಿನ ಏಪ್ರಿಲ್ ಹೊತ್ತಿಗೆ ಅವುಗಳಲ್ಲಿ ಐದಾರನ್ನು ಕಳೆದುಕೊಂಡು, ಮತ್ತೆ ಜೂನಿನಲ್ಲಿ ಅದೇ ನರ್ಸರಿಯ ಬಾಗಿಲಿಗೆ ಹೋದವರು.

ಹೀಗೆ ಕೊಂಡ ಗಿಡಗಳು ಸಾಯುವುದಕ್ಕೆ ನಮ್ಮ ಕೈಗುಣವೊಂದೇ ಕಾರಣವಲ್ಲ. ಹೈದರಾಬಾದಿನ ನರ್ಸರಿಗಳಲ್ಲಿ ಕಾಣುವ ಗಿಡಗಳಲ್ಲಿ ಬಹುಪಾಲು ಬರುವುದು ಗೋದಾವರಿ ತೀರದಿಂದ, ರಾಜಮಹೇಂದ್ರವರದ ಬಳಿಯ ಕಡಿಯಂ ಪ್ರದೇಶದಿಂದ. ಅಲ್ಲಿ ಊರಿಗೆ ಊರೇ ಸಸ್ಯೋದ್ಯಮದಲ್ಲಿ ತೊಡಗಿದೆ. ನದೀಮುಖದ ಆ ನೆಲದಲ್ಲಿ ಗಾಳಿ ಸದಾ ತೇವ, ನೀರು ಮೃದು, ಮಣ್ಣು ಜಿಗುಟು. ಅಂತಹ ತಂಪಿನಲ್ಲಿ ಬೆಳೆದ ಗಿಡವನ್ನು ದಖನ್ನಿನ ಬಂಡೆಗಳ ಮೇಲಿರುವ ಈ ಊರಿಗೆ ತಂದು, ಪಶ್ಚಿಮದ ಬಿಸಿಲು ಬೀಳುವ ಐದನೆಯ ಮಹಡಿಯ ಬಾಲ್ಕನಿಯಲ್ಲಿಟ್ಟರೆ ಅದು ತತ್ತರಿಸುವುದು ಸಹಜ. ಬೇರಿನ ಸುತ್ತಲಿನ ಮಣ್ಣಿನ ಮುದ್ದೆ ಒಮ್ಮೆ ಒಣಗಿತೆಂದರೆ ಇಟ್ಟಿಗೆಯಾಗುತ್ತದೆ. ಮೇಲೆ ಹೊಯ್ದ ನೀರು ಅದರ ಬದಿಯಿಂದ ಜಾರಿ ಕುಂಡದ ತೂತಿನಿಂದ ಹೊರಗೆ ಹೋಗುತ್ತದೆಯೇ ಹೊರತು ಒಳಗಿಳಿಯುವುದಿಲ್ಲ.

ಆದರೆ ಪಕ್ಕದ ಮನೆಯ ಕಾಂಪೌಂಡಿನಲ್ಲಿ ಹತ್ತು ಬೇಸಿಗೆಗಳನ್ನು ಕಂಡ ದಾಸವಾಳದ ವಿಷಯ ಬೇರೆ. ಅದು ಈ ಊರಿನ ಬಿಸಿಲನ್ನೂ ಬೋರ್‌ವೆಲ್ಲಿನ ಗಡಸು ನೀರನ್ನೂ ತಾಳಿಕೊಂಡೀತೆಂಬುದು ಈಗಾಗಲೇ ಪರೀಕ್ಷೆಯಾಗಿ ಹೋಗಿದೆ. ಅದರಿಂದ ಒಂದು ಕಡ್ಡಿ ಕೇಳಿ ತಂದರೆ ಖರ್ಚೂ ಇಲ್ಲ. ಈ ಲೇಖನ ಆ ಕಡ್ಡಿಯ ಕುರಿತು. ಅದನ್ನು ಯಾವಾಗ ಕತ್ತರಿಸಬೇಕು, ಹೇಗೆ ಊರಬೇಕು, ಬೇರೇ ಇಲ್ಲದ ತುಂಡೊಂದು ಬೇರು ಬಿಡುವುದಾದರೂ ಏಕೆ ಎಂಬುದನ್ನು ನಮ್ಮ ಸೋಲುಗಳ ಸಮೇತ ಹೇಳುವುದು ನಮ್ಮ ಉದ್ದೇಶ.

ಸೋಲಿನಿಂದಲೇ ಆರಂಭಿಸೋಣ. ನಮ್ಮ ಅತ್ತೆಯವರು 1976ರಲ್ಲಿ ಮಾವನವರ ಬ್ಯಾಂಕಿನ ವರ್ಗಾವಣೆಯ ಮೇಲೆ ಹೈದರಾಬಾದಿಗೆ ಬಂದಾಗ ಶಿರ್ವದ ತವರುಮನೆಯಿಂದ ನಾಲ್ಕು ಮಲ್ಲಿಗೆ ಕಡ್ಡಿಗಳನ್ನು ತಂದಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಬಾಳೆದಿಂಡಿನ ಹೊರಪಟ್ಟೆ ಕಟ್ಟಿ, ಬಸ್ಸು ರೈಲು ಬದಲಿಸುತ್ತ ತಂದ ಕಡ್ಡಿಗಳವು. ನಾಲ್ಕರಲ್ಲಿ ಒಂದು ಬದುಕಿತು. ಬರ್ಕತ್‌ಪುರದ ಬಾಡಿಗೆ ಮನೆಯ ಹಿತ್ತಿಲಲ್ಲಿ ಬೇರೂರಿದ ಅದಕ್ಕಾಗಿಯೇ ಮುಂದೆ ಅವರು ಆ ಮನೆಯನ್ನು ಕೊಳ್ಳಲು ಹಟ ಹಿಡಿದರೆಂದು ಮಾವನವರು ತಮಾಷೆ ಮಾಡುತ್ತಿದ್ದುದುಂಟು. ಉಡುಪಿಯ ಶಂಕರಪುರದ ಸುತ್ತಮುತ್ತ ಬೆಳೆದು ಅಟ್ಟೆಯ ಲೆಕ್ಕದಲ್ಲಿ ಮಾರಾಟವಾಗುವ, ಈಗ ಭೌಗೋಳಿಕ ಗುರುತು ಪಡೆದಿರುವ ಮಲ್ಲಿಗೆಯೇ ಅದು. ಗುಡಿಮಲ್ಕಾಪುರದ ಮಾರುಕಟ್ಟೆಯಲ್ಲಿ ಮೊಳದ ಲೆಕ್ಕದಲ್ಲಿ ಸಿಗುವ ಮಲ್ಲೆಗಿಂತ ಮೊಗ್ಗು ಸಣ್ಣದು, ಪರಿಮಳ ಮಾತ್ರ ಬೇರೆಯೇ.

2018ರ ಯುಗಾದಿಯ ಹೊತ್ತಿಗೆ ಆ ಮನೆಯನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಬಿಟ್ಟುಕೊಡುವ ಮಾತು ಮುಗಿಯಿತು. ಅತ್ತೆಯವರಿಗೆ ಆಗ ಎಪ್ಪತ್ತೆಂಟು. ಮನೆಯ ಬಗ್ಗೆ ಅವರು ಹೆಚ್ಚು ಮಾತನಾಡಲಿಲ್ಲ. "ಮಲ್ಲಿಗೆಯನ್ನು ಏನು ಮಾಡುತ್ತೀರಿ?" ಎಂದಷ್ಟೇ ಕೇಳಿದರು. "ಕಡ್ಡಿ ತೆಗೆದರಾಯಿತಲ್ಲ ಅತ್ತೆ" ಎಂದು ನಾವು ಸುಲಭವಾಗಿ ಹೇಳಿಬಿಟ್ಟೆವು. ಮೇ ತಿಂಗಳ ಎರಡನೆಯ ವಾರ, ಒಂದು ಭಾನುವಾರ ಬೆಳಿಗ್ಗೆ ಹದಿನಾಲ್ಕು ಕಡ್ಡಿಗಳನ್ನು ಕತ್ತರಿಸಿ, ಚೆನ್ನಾಗಿ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಊರಿ, ದಿನಕ್ಕೆರಡು ಬಾರಿ ನೀರು ಹಾಕಿದೆವು. ಹತ್ತನೆಯ ದಿನ ಆರು ಕಡ್ಡಿಗಳು ಚಿಗುರಿದವು. ಅತ್ತೆಯವರನ್ನು ಕರೆದು ತೋರಿಸಿದೆವು. ಇಪ್ಪತ್ತನೆಯ ದಿನಕ್ಕೆ ಹದಿನಾಲ್ಕೂ ಕಪ್ಪಾಗಿದ್ದವು. ಕಿತ್ತು ನೋಡಿದರೆ ಒಂದರಲ್ಲಿಯೂ ಬೇರಿನ ಸುಳಿವಿರಲಿಲ್ಲ.

ನಾವು ಮಾಡಿದ ತಪ್ಪುಗಳು ಒಂದೆರಡಲ್ಲ. ಅವನ್ನು ಅರಿಯಬೇಕಾದರೆ ಕಡ್ಡಿಯೊಳಗೆ ನಡೆಯುವುದೇನೆಂದು ಸ್ವಲ್ಪ ತಿಳಿಯಬೇಕು.

ಗಿಡದ ಕಾಂಡವನ್ನು ನೋಡಿದರೆ ಎಲೆ ಹುಟ್ಟುವ ಕಡೆಗಳಲ್ಲೆಲ್ಲ ಸಣ್ಣ ಉಬ್ಬು ಇರುತ್ತದೆ. ಇದು ಗೆಣ್ಣು. ಕಬ್ಬಿನಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ. ರೈತರು ಕಬ್ಬನ್ನು ನೆಡುವುದು ಗೆಣ್ಣುಗಳಿರುವ ತುಂಡುಗಳಿಂದಲೇ. ಇನ್ನೂ ಎಲೆಯೆಂದೋ ಕಾಂಡವೆಂದೋ ಬೇರೆಂದೋ ತೀರ್ಮಾನವಾಗದ, ವಿಭಜನೆಗೊಳ್ಳುತ್ತಲೇ ಇರಬಲ್ಲ ಜೀವಕೋಶಗಳು ಗೆಣ್ಣಿನ ಬಳಿ ಇರುತ್ತವೆ. ಮನುಷ್ಯರಲ್ಲಿ ಕೈ ಕಡಿದರೆ ಕೈ ಮತ್ತೆ ಬೆಳೆಯದು. ಸಸ್ಯಗಳು ಹಾಗಲ್ಲ, ತಕ್ಕ ಪರಿಸರ ದೊರೆತರೆ ಸಸ್ಯದ ಒಂದು ಜೀವಕೋಶವೂ ಇಡೀ ಸಸ್ಯವಾಗಬಲ್ಲದೆಂದು ಆಸ್ಟ್ರಿಯಾದ ಹಾಬರ್‌ಲಾಂಟ್ 1902ರಲ್ಲಿಯೇ ಊಹಿಸಿದ್ದರು. 1958ರಲ್ಲಿ ಸ್ಟೀವರ್ಡ್ ಎಂಬ ವಿಜ್ಞಾನಿ ಗಜ್ಜರಿಯ ಜೀವಕೋಶಗಳಿಂದ ಗಜ್ಜರಿ ಗಿಡವನ್ನೇ ಬೆಳೆಸಿ ತೋರಿಸಿದರು. ನಮ್ಮ ಅಜ್ಜಿಯರಿಗೆ ಈ ಸುದ್ದಿ ತಲಪಿರಲಿಲ್ಲ, ಅದರ ಅಗತ್ಯವೂ ಅವರಿಗಿರಲಿಲ್ಲ. ಕಾಡುಬಸಳೆಯ ಎಲೆಯನ್ನು ಪುಸ್ತಕದ ನಡುವೆ ಇಟ್ಟು, ಅದರ ಅಂಚಿನಲ್ಲಿ ಪುಟ್ಟ ಗಿಡಗಳು ಮೂಡುವುದನ್ನು ಕಾದು ನೋಡಿದ ಯಾವ ಶಾಲಾಬಾಲಕನಿಗೂ ಇದು ಗೊತ್ತಿದ್ದ ಸಂಗತಿಯೇ.

ಇನ್ನು ಬೇರು ಹುಟ್ಟುವುದು ತುಂಡಿನ ಕೆಳತುದಿಯಲ್ಲಿಯೇ ಏಕೆ? 1928ರಲ್ಲಿ ನೆದರ್‌ಲೆಂಡಿನ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳ ತುದಿಯನ್ನು ಕತ್ತರಿಸಿ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಚಿಗುರಿನ ತುದಿಯಲ್ಲಿ ತಯಾರಾಗಿ ಕೆಳಮುಖವಾಗಿ ಹರಿಯುವ ಒಂದು ಚೋದಕ ರಸವಿದೆಯೆಂಬುದು ಅವುಗಳಿಂದ ತಿಳಿಯಿತು. ಅದಕ್ಕೆ ಆಕ್ಸಿನ್ ಎಂಬ ಹೆಸರು ಬಂತು. ಕಡ್ಡಿಯನ್ನು ಕತ್ತರಿಸಿದಾಗ ಈ ರಸ ಗಾಯದ ಕಡೆಗೆ ಇಳಿದು ಅಲ್ಲಿ ಶೇಖರವಾಗುತ್ತದೆ. ಅಲ್ಲಿನ ಜೀವಕೋಶಗಳಿಗೆ ಬೇರಾಗುವ ಪ್ರೇರಣೆ ಕೊಡುತ್ತದೆ. ಆದ್ದರಿಂದಲೇ ತುದಿಯ ಒಂದೆರಡು ಎಲೆಗಳನ್ನು ಉಳಿಸಿಕೊಳ್ಳಬೇಕು, ಆದ್ದರಿಂದಲೇ ಕಡ್ಡಿಯನ್ನು ತಲೆಕೆಳಗಾಗಿ ಊರಬಾರದು. ಎಲೆ ಕಿತ್ತ ಕಡ್ಡಿಗಳಲ್ಲಿ ಮೇಲು ಕೆಳಗು ಮರೆತುಹೋಗುವುದು ಬಲು ಸುಲಭ. ಕೆಳತುದಿಯನ್ನು ಓರೆಯಾಗಿಯೂ ಮೇಲ್ತುದಿಯನ್ನು ನೇರವಾಗಿಯೂ ಕತ್ತರಿಸುವ ಮಾಲಿಗಳ ಪದ್ಧತಿ ಇದಕ್ಕೆ ಒಳ್ಳೆಯ ಪರಿಹಾರ. ಅಂಗಡಿಯಲ್ಲಿ ಸಿಗುವ ಬೇರು ಬರಿಸುವ ಪುಡಿಯಲ್ಲಿರುವುದು ಸಾಮಾನ್ಯವಾಗಿ ಇಂಡೋಲ್ ಬ್ಯುಟೈರಿಕ್ ಆಮ್ಲವೆಂಬ, ಆಕ್ಸಿನ್ ವರ್ಗದ ವಸ್ತು. ಗಟ್ಟಿ ಕಾಂಡದ ಗಿಡಗಳಿಗೆ ಅದು ನೆರವಾಗುತ್ತದೆ, ದೊಡ್ಡಪತ್ರೆ ಮನಿ ಪ್ಲಾಂಟುಗಳಿಗೆ ಬೇಕಿಲ್ಲ. ಜೇನುತುಪ್ಪ ಹಚ್ಚಿದರೆ ಬೇರು ಬರುತ್ತದೆಂಬ ಮಾತನ್ನು ನಾವೂ ನಂಬಿದ್ದೆವು. ಅದರಲ್ಲಿ ಬೇರಿನ ಚೋದಕವೇನೂ ಇಲ್ಲ, ಇರುವೆಗಳು ಮಾತ್ರ ಬಂದವು.

ಈಗ ನಮ್ಮ ಮೇ ತಿಂಗಳ ಕಡ್ಡಿಗಳ ವಿಷಯ. ಬೇರಿಲ್ಲದ ಕಡ್ಡಿಗೆ ನೀರು ಕುಡಿಯುವ ಬಾಯಿ ಇಲ್ಲ, ಆದರೆ ಎಲೆಗಳ ಮೂಲಕ ನೀರು ಆವಿಯಾಗಿ ಹೋಗುವುದು ನಿಲ್ಲುವುದಿಲ್ಲ. ಬೇರು ಬರುವುದು ಮೊದಲೋ, ಕಡ್ಡಿ ಒಣಗುವುದು ಮೊದಲೋ ಎಂಬ ಪಂದ್ಯ ಅದು. ನಲವತ್ತು ಡಿಗ್ರಿಯ ಹೈದರಾಬಾದಿನ ಒಣಗಾಳಿಯಲ್ಲಿ ಗೆಲ್ಲುವುದು ಯಾವುದೆಂದು ಹೇಳಬೇಕಾಗಿಲ್ಲ. ಹಾಗಾದರೆ ಚಿಗುರಿದ್ದು ಹೇಗೆ? ಕಡ್ಡಿಯ ತಿರುಳಿನಲ್ಲಿ ಉಳಿದಿದ್ದ ಆಹಾರದ ಬಲದಿಂದ. ಅದು ಬದುಕಿನ ಲಕ್ಷಣವಾಗಿರಲಿಲ್ಲ, ಉಳಿತಾಯ ಖಾತೆಯಿಂದ ಮಾಡಿದ ಕೊನೆಯ ಖರ್ಚಾಗಿತ್ತು. ಚಿಗುರು ಕಂಡ ಮಾತ್ರಕ್ಕೆ ಬೇರು ಬಂದಿತೆಂದು ಸಂಭ್ರಮಿಸಬಾರದೆಂಬುದನ್ನು ನಾವು ಅಂದು ಕಲಿತೆವು. ಗೊಬ್ಬರ ಬೆರೆಸಿದ್ದು ಇನ್ನೊಂದು ತಪ್ಪು. ಹಸಿ ಗಾಯಕ್ಕೆ ಕೊಳೆಯುವ ಗೊಬ್ಬರ, ದಿನಕ್ಕೆರಡು ಬಾರಿಯ ನೀರು, ಬೆಚ್ಚನೆಯ ಮಣ್ಣು ಸೇರಿದರೆ ಶಿಲೀಂಧ್ರಕ್ಕೆ ಹಬ್ಬದೂಟ.

ಕಾಲ ಯಾವುದೆಂಬುದನ್ನು ನಮ್ಮ ಮಳೆನಕ್ಷತ್ರಗಳೇ ಹೇಳುತ್ತವೆ. ಜೂನ್ 22ರ ಸುಮಾರಿಗೆ ಆರಂಭವಾಗಿ ಜುಲೈ ಮೊದಲ ವಾರದವರೆಗೆ ನಡೆಯುವ ಆರಿದ್ರಾ ಮಳೆ ಕಡ್ಡಿ ಊರುವುದಕ್ಕೆ ಪ್ರಶಸ್ತ. ಕಾಸರಗೋಡು, ಮಲಬಾರಿನ ಕಡೆ ಮೆಣಸಿನ ಬಳ್ಳಿಯನ್ನು ನಡುವುದು ಇದೇ ಪಕ್ಷದಲ್ಲಿ, ತಿರುವಾದಿರೆಯ ಹೆಸರಿನಲ್ಲಿ. ಅಲ್ಲಿನ ಮಳೆಗೂ ಇಲ್ಲಿನ ಮಳೆಗೂ ಹೋಲಿಕೆಯಿಲ್ಲ, ನಿಜ. ಆದರೆ ಅಷ್ಟು ಹೊತ್ತಿಗೆ ಹೈದರಾಬಾದಿನಲ್ಲಿಯೂ ಮುಂಗಾರು ನೆಲೆಗೊಂಡಿರುತ್ತದೆ, ಮೋಡ ಬಿಸಿಲನ್ನು ತಡೆಯುತ್ತದೆ, ಗಾಳಿಯಲ್ಲಿ ತೇವವಿರುತ್ತದೆ, ಮಣ್ಣು ಇನ್ನೂ ಬೆಚ್ಚಗಿರುತ್ತದೆ. ಸೆಪ್ಟೆಂಬರ್ ಮುಗಿಯುವವರೆಗೆ ಅವಕಾಶವುಂಟು. ಡಿಸೆಂಬರ್ ಜನವರಿಯ ಚಳಿಯಲ್ಲಿ ಕಡ್ಡಿ ಸಾಯದಿದ್ದರೂ ಸುಮ್ಮನೆ ಕುಳಿತುಬಿಡುತ್ತದೆ.

ಮಣ್ಣಿನ ವಿಷಯದಲ್ಲಿ ಉದಾರತೆ ಬೇಡ. ಜರಡಿ ಹಿಡಿದ ಮರಳು ಒಂದು ಪಾಲು, ಕೆಮ್ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು ಸಾಕು. ಎರೆಗೊಬ್ಬರವೇನಿದ್ದರೂ ಬೇರು ಬಂದ ಮೇಲೆ. ಕಡ್ಡಿ ಸೀಸದಕಡ್ಡಿಯಷ್ಟು ದಪ್ಪ, ಒಂದು ಗೇಣಿಗಿಂತ ಸ್ವಲ್ಪ ಗಿಡ್ಡ ಇರಲಿ. ಹೂ ಮೊಗ್ಗುಗಳಿರುವ ರೆಂಬೆ ಬೇಡ. ಅದರ ಶಕ್ತಿ ಹೂವಿಗೆ ಹೋಗುತ್ತದೆ. ತೀರ ಎಳೆಯ ಹಸಿರು ಕುಡಿ ಕೊಳೆಯುತ್ತದೆ, ಬೂದು ತೊಗಟೆಯ ಹಳೆಯ ಕಟ್ಟಿಗೆ ಬೇರು ಬಿಡಲು ಒಲ್ಲದು, ಇವೆರಡರ ನಡುವಿನದನ್ನು ಆರಿಸಬೇಕು. ಗೆಣ್ಣಿನ ಕೆಳಗೆ ಹರಿತವಾದ ಚಾಕುವಿನಿಂದ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಮೇಲಿನ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಎರಡು ಗೆಣ್ಣುಗಳು ಮಣ್ಣಿನೊಳಗೆ ಹೋಗುವಂತೆ ಊರಬೇಕು. ತಳ ಕತ್ತರಿಸಿದ ಎರಡು ಲೀಟರಿನ ನೀರಿನ ಬಾಟಲಿಯನ್ನು ಮೇಲೆ ಮುಚ್ಚಿದರೆ ಒಳಗೆ ಒಂದು ಪುಟ್ಟ ಕರಾವಳಿಯೇ ನಿರ್ಮಾಣವಾಗುತ್ತದೆ. ದಿನಕ್ಕೊಮ್ಮೆ ಮುಚ್ಚಳ ತೆರೆದು ಗಾಳಿಯಾಡಿಸಬೇಕು. ಬೆಳಕು ಬೇಕು, ನೇರ ಬಿಸಿಲು ಬೇಡ. ಬೇರು ಬಂದಿದೆಯೇ ಎಂದು ಎಳೆದು ನೋಡುವ ಚಪಲವನ್ನು ಹತ್ತಿಕ್ಕಬೇಕು. ನಮ್ಮ ಮನೆಯ ಮಕ್ಕಳಿಗಿಂತ ಹಿರಿಯರಲ್ಲಿಯೇ ಈ ಚಪಲ ಹೆಚ್ಚೆಂಬುದು ನಮ್ಮ ಅನುಭವ.

ನೀರಿನಲ್ಲಿ ಬೇರು ಬರಿಸುವವರು ಇನ್ನೊಂದು ಎಚ್ಚರ ವಹಿಸಬೇಕು. ಬಾಟಲಿಯ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬಲು ಪ್ರಿಯ. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ಮೂರು ದಿನಕ್ಕೊಮ್ಮೆ ನೀರು ಬದಲಿಸಿ ಬಾಟಲಿಯ ಒಳಗೋಡೆಯನ್ನು ಉಜ್ಜಿ ತೊಳೆಯುವುದು ಕಡ್ಡಿಗೂ ಹಿತ, ಮನೆಯವರಿಗೂ ಹಿತ. ನಲ್ಲಿಯ ನೀರಾದರೆ ಅಗಲ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಟ್ಟು ಬಳಸುವುದು ವಾಸಿ. ಈ ನಗರದ ನಲ್ಲಿಗಳಿಗೆ ಬರುವ ನದಿನೀರುಗಳಲ್ಲಿ ಬೀದರ್ ಜಿಲ್ಲೆಯನ್ನು ಹಾದು ಬರುವ ಮಾಂಜ್ರಾದ ನೀರೂ ಒಂದೆಂಬುದನ್ನು ಬೀದರಿನ ಮಿತ್ರರು ನಮಗೆ ಆಗಾಗ ಹೆಮ್ಮೆಯಿಂದ ನೆನಪಿಸುತ್ತಾರೆ. ಬೋರ್‌ವೆಲ್ಲಿನ ನೀರು ಮಾತ್ರ ಬೇರೆ ಜಾತಿ. ಅದರ ಲವಣ ಕುಂಡದ ಅಂಚಿನಲ್ಲಿ ಸುಣ್ಣ ಬಳಿದಂತೆ ಕೂರುತ್ತದೆ, ಎಲೆಗಳ ತುದಿ ಸುಟ್ಟಂತಾಗುತ್ತದೆ. ಮಳೆಗಾಲದಲ್ಲಿ ಎರಡು ಬಕೆಟ್ ಮಳೆನೀರನ್ನು ಹಿಡಿದು ಮುಚ್ಚಿಟ್ಟುಕೊಂಡರೆ ಕಡ್ಡಿಗಳ ಮಟ್ಟಿಗೆ ಅದೇ ತೀರ್ಥ.

ಯಾವ ಗಿಡಕ್ಕೆ ಯಾವ ವಿಧಾನ ಎಂಬುದನ್ನು ಪಟ್ಟಿ ಮಾಡುತ್ತ ಹೋದರೆ ಈ ಬರಹ ಮುಗಿಯದು. ಕೆಲವನ್ನು ಮಾತ್ರ ಹೇಳುತ್ತೇವೆ. ದೊಡ್ಡಪತ್ರೆ ಎಲ್ಲಕ್ಕಿಂತ ಸುಲಭ. ತಂಬುಳಿಗೆಂದು ಕಿತ್ತ ಕುಡಿಯನ್ನು ಮಣ್ಣಿಗೆ ಚುಚ್ಚಿದರೆ ಹದಿನೈದು ದಿನದೊಳಗೆ ಹಿಡಿದುಕೊಳ್ಳುತ್ತದೆ. ವೀಳ್ಯದೆಲೆಗೆ ಮೂರು ಗೆಣ್ಣಿನ ಬಳ್ಳಿ ಮತ್ತು ನೆರಳು ಬೇಕು. ದಾಸವಾಳ, ನಂದಿಬಟ್ಟಲುಗಳಿಗೆ ಒಂದೂವರೆ ತಿಂಗಳ ತಾಳ್ಮೆ ಬೇಕು. ಕರಿಬೇವನ್ನು ಕಡ್ಡಿಯಿಂದ ಮಾಡಲು ಹೊರಟು ನಿರಾಶರಾದವರು ಅನೇಕರು; ಅದಕ್ಕೆ ತಾಯಿಗಿಡದ ಬೇರಿನಿಂದೇಳುವ ಮರಿಯನ್ನು ಬೇರ್ಪಡಿಸುವುದೋ ಹಣ್ಣಿನಿಂದ ತೆಗೆದ ತಾಜಾ ಬೀಜವನ್ನು ಬಿತ್ತುವುದೋ ಸರಿಯಾದ ದಾರಿ. ಜೇಡ್ ಎಂದು ಮಾರುವ ಗಿಡಗಳಲ್ಲಿ ಎರಡು ಬೇರೆ ಬೇರೆ ಸಸ್ಯಗಳಿವೆ. ದಪ್ಪ, ದೊಡ್ಡ ಎಲೆಯದು ಒಂದು ಎಲೆಯಿಂದಲೂ ಹುಟ್ಟುತ್ತದೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ, ಕೆಂಪು ಕಾಂಡದ ಸಣ್ಣ ಎಲೆಯದಕ್ಕೆ ಕಡ್ಡಿಯೇ ಬೇಕು.

ಬ್ರಹ್ಮಕಮಲದ ಬಗ್ಗೆ ಒಂದು ಮಾತು. ಮಳೆಗಾಲದ ರಾತ್ರಿ ಅದು ಅರಳುವಾಗ ಅಕ್ಕಪಕ್ಕದವರನ್ನು ಕರೆದು ಆರತಿ ಬೆಳಗುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಹಿಮಾಲಯದ ಬ್ರಹ್ಮಕಮಲ ಬೇರೆ, ಇದು ಬೇರೆ. ಇದು ಮೆಕ್ಸಿಕೋ ಕಡೆಯ ಕಳ್ಳಿಯ ಜಾತಿ. ಎಲೆಯಿಂದ ಗಿಡ ಬರುವ ಸೋಜಿಗವೆಂದು ಜನ ಹೇಳುವುದುಂಟು. ವಾಸ್ತವವಾಗಿ ಎಲೆಯೆಂದು ನಾವು ತಿಳಿಯುವುದು ಚಪ್ಪಟೆಯಾದ ಕಾಂಡವೇ. ಅದರ ಅಂಚಿನ ತಗ್ಗುಗಳೇ ಗೆಣ್ಣುಗಳು. ಮೊಗ್ಗು ಅಲ್ಲಿಂದಲೇ ಹೊರಡುವುದನ್ನು ಗಮನಿಸಿರಬಹುದು. ಕತ್ತರಿಸಿದ ತುಂಡನ್ನು ನಾಲ್ಕೈದು ದಿನ ನೆರಳಿನಲ್ಲಿ ಬಿಟ್ಟು, ಗಾಯ ಒಣಗಿದ ನಂತರ ಊರಿದರೆ ಕೊಳೆಯುವುದಿಲ್ಲ.

ಮನಿ ಪ್ಲಾಂಟಿನ ಎಲೆಯನ್ನಷ್ಟೇ ನೀರಿನಲ್ಲಿಟ್ಟರೆ ತೊಟ್ಟಿನಲ್ಲಿ ಬೇರು ಬರಬಹುದು, ಬಳ್ಳಿ ಬಾರದು, ಗೆಣ್ಣಿಲ್ಲದೆ ಕುಡಿಯಿಲ್ಲ. ಇದು ಶಾಂತಸಾಗರದ ಮೂರಿಯಾ ದ್ವೀಪ ಮೂಲದ ಸಸ್ಯ. ಇದು ಹೂ ಬಿಡುವುದನ್ನು ನಮ್ಮ ಓದುಗರಲ್ಲಿ ಯಾರೂ ಕಂಡಿರಲಾರರು. ಹೂವಿಗೆ ಅಗತ್ಯವಾದ ಜಿಬ್ಬೆರೆಲಿನ್ ಎಂಬ ಚೋದಕವನ್ನು ತಯಾರಿಸುವ ಶಕ್ತಿ ಅದರಲ್ಲಿ ಕುಂದಿದೆಯೆಂದು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಹೂವಿಲ್ಲ, ಬೀಜವಿಲ್ಲ. ಆದರೂ ಭೂಮಂಡಲದ ಅಷ್ಟೂ ಪಟ್ಟಣಗಳ ಕಿಟಕಿಗಳಲ್ಲಿ ಅದು ತೂಗುತ್ತಿದೆ. ಒಬ್ಬರು ಇನ್ನೊಬ್ಬರಿಗೆ ಕತ್ತರಿಸಿ ಕೊಟ್ಟ ತುಂಡುಗಳೇ ಅದರ ಇತಿಹಾಸ.

ಇಲ್ಲಿಯೇ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ ಇದೆ. ಬೀಜದಿಂದ ಹುಟ್ಟಿದ್ದು ಮಗುವಿದ್ದಂತೆ, ತಂದೆತಾಯಿಯರ ಹೋಲಿಕೆಯಿದ್ದರೂ ಬೇರೆ ವ್ಯಕ್ತಿ. ಕಡ್ಡಿಯಿಂದ ಬಂದದ್ದು ಹಾಗಲ್ಲ, ಅದು ಅದೇ ಗಿಡ. ನಮ್ಮ ಕಡೆಯ ಮಲ್ಲಿಗೆ ಕಾಯಿ ಕಟ್ಟುವುದು ತೀರ ಅಪರೂಪವಾದ್ದರಿಂದ ತಲೆಮಾರುಗಳಿಂದ ಕಡ್ಡಿಯಿಂದ ಕಡ್ಡಿಗೆ ದಾಟಿ ಬಂದಿದೆ. ಅತ್ತೆಯವರ ಅಜ್ಜಿ ಮೊಗ್ಗು ಬಿಡಿಸಿದ್ದ ಗಿಡವೂ ಬರ್ಕತ್‌ಪುರದ ಹಿತ್ತಿಲಿನದೂ ಎರಡಲ್ಲ, ಒಂದೇ. ಕಾಂಡ ಬೇರೆ, ಜೀವ ಅದೇ.

ಇದಕ್ಕೆ ಅಪವಾದಗಳಿಲ್ಲದಿಲ್ಲ. ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆಯನ್ನು ತುಂಡು ಮಾಡಿ ಊರಿದರೆ ಎರಡು ಮೂರು ತಿಂಗಳಲ್ಲಿ ಹೊಸ ಗಿಡ ಬರುತ್ತದೆ, ಹಳದಿ ಅಂಚು ಮಾತ್ರ ಇರುವುದಿಲ್ಲ. ಆ ಗಿಡದ ಎಲೆಯಲ್ಲಿ ಎರಡು ಬಗೆಯ ಜೀವಕೋಶಗಳ ಪದರಗಳಿದ್ದು, ಎಲೆಯ ತುಂಡಿನಿಂದ ಹೊರಡುವ ಕುಡಿ ಹಸಿರು ಪದರದಿಂದ ಮಾತ್ರ ಬರುತ್ತದೆ. ಅಂಚು ಉಳಿಯಬೇಕೆಂದರೆ ಬುಡದ ಗಡ್ಡೆಯೊಡನೆ ಮರಿಯನ್ನು ಬಿಡಿಸಿಕೊಳ್ಳಬೇಕು.

ಅದೇ ಗಿಡ ಎಂಬುದರಲ್ಲಿ ಅಪಾಯವೂ ಉಂಟು. ತಾಯಿಯ ರೋಗ ಕಡ್ಡಿಯೊಡನೆ ಬರುತ್ತದೆ, ತಾಯಿಯ ದೌರ್ಬಲ್ಯವೂ ಬರುತ್ತದೆ. ನಂಜನಗೂಡಿನ ರಸಬಾಳೆ ಇದಕ್ಕೆ ನೋವಿನ ಉದಾಹರಣೆ. ಬಾಳೆ ಬೆಳೆಯುವುದು ಕಂದುಗಳಿಂದ. ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿಯೂ ಕಂದುಗಳಲ್ಲಿಯೂ ಹರಡಿದಾಗ ರಸಬಾಳೆಯ ಯಾವ ತೋಟಕ್ಕೂ ಅದನ್ನು ತಡೆಯುವ ಗುಣವಿರಲಿಲ್ಲ, ಏಕೆಂದರೆ ಎಲ್ಲ ತೋಟಗಳಲ್ಲಿ ಇದ್ದುದು ಒಂದೇ ಬಾಳೆ. ಒಂದು ಕಾಲಕ್ಕೆ ಮನೆಮಾತಾಗಿದ್ದ ಹಣ್ಣು ಅಪರೂಪವಾಯಿತು. ಮನೆಯ ಕುಂಡಗಳಿಗೂ ಇದೇ ನೀತಿ. ಹಿಟ್ಟುತಿಗಣೆ ಹತ್ತಿದ ದಾಸವಾಳದಿಂದ, ಎಲೆ ಮುದುಡಿದ ಗುಲಾಬಿಯಿಂದ ಎಷ್ಟೇ ಮೋಹವಿದ್ದರೂ ಕಡ್ಡಿ ತೆಗೆಯಬಾರದು, ಕೊಡಲೂಬಾರದು. ಆರೋಗ್ಯವಂತ ಗಿಡವನ್ನು ಒಂದೇ ಕುಂಡದಲ್ಲಿ ಬಿಡದೆ ಎರಡು ಮೂರು ಮನೆಗಳಿಗೆ ದಾಟಿಸಿಡುವುದು ಜಾಣತನ. ನಮ್ಮಲ್ಲಿ ಸತ್ತರೆ ಅವರಲ್ಲಿಂದ ಬಂದೀತು.

ಹೀಗೆ ದಾಟಿಸುವಾಗ ನಮ್ಮ ಊರಿನಲ್ಲಿ ಭಾಷೆಯದೊಂದು ತೊಡಕಿದೆ. ಮೇಲ್ಮಹಡಿಯ ತೆಲುಗು ಅಮ್ಮನವರು ಒಮ್ಮೆ ಮಂದಾರದ ಕಡ್ಡಿ ಕೊಡುತ್ತೇನೆಂದಾಗ, ಊರಿನ ಬಿಳಿ ಮಂದಾರವನ್ನು ನೆನೆದು ನಾವು ಹಿಗ್ಗಿದ್ದೆವು. ಕೈಗೆ ಬಂದದ್ದು ಕೆಂಪು ದಾಸವಾಳ! ತೆಲುಗಿನಲ್ಲಿ ದಾಸವಾಳಕ್ಕೆ ಮಂದಾರವೆಂದೇ ಹೆಸರು. ಆ ದಾಸವಾಳ ಈಗಲೂ ನಮ್ಮ ಪೂಜೆಗೆ ಹೂ ಕೊಡುತ್ತಿದೆ. ಪ್ರತಿಯಾಗಿ ಅವರು ಒಯ್ದ ನಮ್ಮ ದೊಡ್ಡಪತ್ರೆ ಅಲ್ಲಿ ವಾಮು ಆಕಾಗಿ ಬಜ್ಜಿಯಾಗುತ್ತಿದೆ.

ಕೊಡುವಾಗ ಹೇಳಲೇಬೇಕಾದ ಎರಡು ಮಾತುಗಳುಂಟು. ಮನಿ ಪ್ಲಾಂಟು, ಡೈಫೆನ್‌ಬಾಕಿಯಾಗಳ ರಸದಲ್ಲಿ ಸೂಜಿಯಂತಹ ಹರಳುಗಳಿದ್ದು, ಅಗಿದರೆ ಬಾಯಿ ಗಂಟಲು ಉರಿದು ಊದಿಕೊಳ್ಳುತ್ತವೆ. ಕಣಗಿಲೆಯಂತೂ ಘೋರ ವಿಷ. ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ಇವು ಬೇಡ, ಕತ್ತರಿಸಿದ ಕೈಯನ್ನು ತೊಳೆದುಕೊಳ್ಳುವುದು ಮರೆಯಬಾರದು. ಎರಡನೆಯದು, ಹೆಚ್ಚಾದ ಗಿಡವನ್ನು ಕೆರೆಗೋ ಕಾಡಂಚಿಗೋ ಎಸೆಯಕೂಡದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಲಂಟಾನ ಈಗ ಬಂಡೀಪುರದ ಕಾಡಿನ ನೆಲವನ್ನು ಆವರಿಸಿ ಹುಲ್ಲು ಬೆಳೆಯಲು ಬಿಡುತ್ತಿಲ್ಲ. ತೆಲುಗಿನವರು ಗುರ್ರಪು ಡೆಕ್ಕ ಎನ್ನುವ ನೇರಳೆ ಹೂವಿನ ಜಲಕಳೆ ಹೈದರಾಬಾದಿನ ಕೆರೆಗಳಿಗೆ ಮಾಡಿರುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ.

ಮಲ್ಲಿಗೆಯ ಕಥೆ ಅರ್ಧಕ್ಕೆ ನಿಂತಿತ್ತು. ಮೇ ತಿಂಗಳ ಸೋಲಿನ ನಂತರ ಮಾಲಿಯೊಬ್ಬರನ್ನು ಕರೆಸಿ ಇಡೀ ಗಿಡವನ್ನೇ ಅಗೆದು ಡ್ರಮ್ಮಿಗೆ ಸಾಗಿಸುವ ವಿಚಾರ ಮಾಡಿದೆವು. ಬುಡದ ದಪ್ಪವನ್ನು ನೋಡಿ ಅವರು ತಲೆಯಾಡಿಸಿದರು. ಅದೃಷ್ಟವಶಾತ್ ಕಟ್ಟಡದ ಪರವಾನಗಿ ತಡವಾಗಿ, ಮನೆ ತೆರವಿನ ದಿನ ದಸರೆಯ ನಂತರಕ್ಕೆ ಹೋಯಿತು. ಆರಿದ್ರಾ ಮಳೆಯ ಮೂರನೆಯ ದಿನ ಮತ್ತೆ ಹದಿನಾಲ್ಕು ಕಡ್ಡಿಗಳನ್ನು ತೆಗೆದು, ಮರಳುಮಣ್ಣಿನಲ್ಲಿ ಊರಿ, ಬಾಟಲಿ ಮುಚ್ಚಿ, ಮೆಟ್ಟಿಲ ಕೆಳಗಿನ ಬೆಳಕಿನಲ್ಲಿರಿಸಿದೆವು.

ಈ ಬಾರಿ ಅತ್ತೆಯವರು ಕಡ್ಡಿಯನ್ನಷ್ಟೇ ನೆಚ್ಚಲಿಲ್ಲ. ನೆಲಕ್ಕೆ ಸಮೀಪದ ಎರಡು ರೆಂಬೆಗಳನ್ನು ಬಗ್ಗಿಸಿಸಿದರು. ಗೆಣ್ಣಿನ ಕೆಳಬದಿಯ ತೊಗಟೆಯನ್ನು ಉಗುರಿನಷ್ಟು ಕೆರೆದು, ಆ ಭಾಗವನ್ನು ಎರಡು ಅಂಗುಲ ಮಣ್ಣಿನಲ್ಲಿ ಹೂತು, ಮೇಲೊಂದು ಇಟ್ಟಿಗೆ ಹೇರಿಸಿದರು. ತುದಿ ಹೊರಗೆ, ನಡು ಮಣ್ಣಿನಲ್ಲಿ, ಬುಡ ತಾಯಿಯಲ್ಲಿ. ಈ ಕ್ರಮದಲ್ಲಿ ಬೇರು ಬರುವವರೆಗೆ ತಾಯಿಗಿಡವೇ ನೀರುಣಿಸುವುದರಿಂದ ಒಣಗುವ ಭಯವಿಲ್ಲ. ರೆಂಬೆ ಬಗ್ಗದಷ್ಟು ಎತ್ತರವಿದ್ದರೆ ಅಲ್ಲಿಯೇ ಒಂದು ಉಂಗುರದಷ್ಟು ತೊಗಟೆ ತೆಗೆದು, ಒದ್ದೆ ತೆಂಗಿನ ನಾರನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಟ್ಟುವ ಗೂಟಿ ವಿಧಾನವಿದೆ; ನಿಂಬೆ, ದಾಳಿಂಬೆಗಳಿಗೆ ಅದು ಸೊಗಸಾಗಿ ಒಗ್ಗುತ್ತದೆ. ಹಿತ್ತಿಲು ಉಳ್ಳವರು ಬೆಲೆಬಾಳುವ ಗಿಡಕ್ಕೆ ಕಡ್ಡಿಗಿಂತ ಮೊದಲು ಇದನ್ನೇ ಮಾಡಬೇಕೆಂಬುದು ಈಗ ನಮ್ಮ ದೃಢ ಅಭಿಪ್ರಾಯ.

ಸೆಪ್ಟೆಂಬರ್ ಕೊನೆಗೆ ಹದಿನಾಲ್ಕರಲ್ಲಿ ಐದು ಕಡ್ಡಿಗಳು ಬೇರು ಬಿಟ್ಟಿದ್ದವು. ಬಗ್ಗಿಸಿದ ಎರಡೂ ರೆಂಬೆಗಳು ಹಿಡಿದಿದ್ದವು. ತೆರವಿನ ಹಿಂದಿನ ದಿನ ಅತ್ತೆಯವರೇ ಕತ್ತರಿ ಹಿಡಿದು ಆ ಎರಡನ್ನು ತಾಯಿಯಿಂದ ಬಿಡಿಸಿದರು. ನಲವತ್ತೆರಡು ವರ್ಷದ ಗಿಡ ಹಿತ್ತಿಲಿನಲ್ಲಿಯೇ ಉಳಿಯಿತು. ಈಗ ಅಲ್ಲಿ ಕಾರುಗಳು ನಿಲ್ಲುತ್ತವೆ.

ಏಳರಲ್ಲಿ ಒಂದನ್ನು ಅತ್ತೆಯವರು ಕಾಚಿಗೂಡದಿಂದ ಮಂಗಳೂರಿಗೆ ಹೋಗುವ ರೈಲಿನಲ್ಲಿ ಶಿರ್ವಕ್ಕೆ ಕಳುಹಿಸಿದರು. ಅಲ್ಲಿ ಮನೆಯನ್ನು ಹೊಸದಾಗಿ ಕಟ್ಟುವಾಗ ಮೂಲ ಗಿಡ ಹೋಗಿಬಿಟ್ಟಿತ್ತಂತೆ. ಒಂದು ಸಿಕಂದರಾಬಾದಿನ ನಾದಿನಿಯ ಮನೆಯಲ್ಲಿದೆ, ಎರಡು ನಮ್ಮ ಮಿಯಾಪುರದ ಬಾಲ್ಕನಿಯಲ್ಲಿವೆ, ಒಂದು ಮೇಲ್ಮಹಡಿಯ ಅಮ್ಮನವರ ತಾರಸಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೂ ಬಿಡುತ್ತಿದೆ. ಉಳಿದೆರಡು ಮರುವರ್ಷದ ಬೇಸಿಗೆ ದಾಟಲಿಲ್ಲ. ನಮ್ಮ ಎರಡರಲ್ಲಿ ಒಂದರ ಎಲೆ ಬೋರ್‌ವೆಲ್ಲಿನ ನೀರಿಗೆ ಹಳದಿ ತಿರುಗುತ್ತಿರುವುದರಿಂದ ಬರುವ ಆರಿದ್ರಾಕ್ಕೆ ಇನ್ನೊಂದರಿಂದ ಎಂಟು ಕಡ್ಡಿಗಳನ್ನು ತೆಗೆಯುವವರಿದ್ದೇವೆ. ಮೂರಕ್ಕೆ ಈಗಾಗಲೇ ಹೇಳಿಟ್ಟವರಿದ್ದಾರೆ.